ಕ್ಲೌನ್ ಮೀನಿನ ಮರಿ ಮೂರೇ ದಿನಕ್ಕೆ ಸಾಯುವುದೇಕೆ?

ಪ್ರಶ್ನೆ: ನಮ್ಮ ಟ್ಯಾಂಕಿನಲ್ಲಿ ಕ್ಲೌನ್ ಮೀನಿನ (ಬಿಳಿ ಪಟ್ಟಿಯ ಅಲಂಕಾರಿಕ ಕಡಲ ಮೀನು) ಜೋಡಿ ಇದೆ. ಆಗಾಗ ಮೊಟ್ಟೆ ಇಡುತ್ತವೆ, ಮರಿಯೂ ಆಗುತ್ತದೆ. ಆರ್ಟೀಮಿಯಾ (ಪುಟ್ಟ ಸೀಗಡಿಯಂಥ ಜೀವಿ) ಕೊಟ್ಟೆ, ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕಿದೆ. ಮೂರನೇ ದಿನಕ್ಕೆ ಎಲ್ಲ ಖಾಲಿ. ನೀರಿನ ತೊಂದರೆಯಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ನನಗನಿಸುವುದು ಇದು ಹಸಿವಿನ ಸಾವು. ಆಗಷ್ಟೇ ಹೊರಬಂದ ಮರಿ ಮೂರ್ನಾಲ್ಕು ಮಿಲಿಮೀಟರ್ ಇರುತ್ತದೆ. ಆಗಷ್ಟೇ ಒಡೆದ ಆರ್ಟೀಮಿಯಾವೇ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್, ಅದರ ಬಾಯಿಗೆ ಹಿಡಿಸುವುದಿಲ್ಲ. ಹಳದಿಯಂತೂ ಬೇಡವೇ ಬೇಡ, ತಳ ಸೇರಿ ಕೊಳೆತು ಅಮೋನಿಯಾ ಏರಿಸುತ್ತದೆ, ಅಷ್ಟೇ.

ಮೊದಲ ವಾರಕ್ಕೆ ಬೇಕಾದದ್ದು ರೋಟಿಫರ್, ಅಂದರೆ ಆರ್ಟೀಮಿಯಾಗಿಂತಲೂ ಸಣ್ಣ ಜಲಜೀವಿ. ಅದೂ ಜೀವಂತ. ಮೊಟ್ಟೆ ಕಂಡ ಮೇಲೆ ಹುಡುಕಲು ಹೊರಟರೆ ಆಗಲ್ಲ, ಮೊದಲೇ ಎರಡು ಬಕೆಟ್‌ನಲ್ಲಿ ನ್ಯಾನೊಕ್ಲೋರಾಪ್ಸಿಸ್ ಪಾಚಿ ಹಾಕಿ ಬೆಳೆಸಿಡಿ, ಯಾಕೆಂದರೆ ಒಂದು ಬಕೆಟ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಬೀಜಕ್ಕಾಗಿ, ಅಂದರೆ ಬೆಳೆಸಲು ಬೇಕಾದ ಮೊದಲ ರೋಟಿಫರ್‌ಗಾಗಿ, ಮಂಗಳೂರಿನ ಫಿಶರೀಸ್ ಕಾಲೇಜಿನಲ್ಲೋ ಸಿಎಂಎಫ್‌ಆರ್‌ಐ (ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲೋ ವಿಚಾರಿಸಿ ನೋಡಿ.

ಮೊಟ್ಟೆಯೊಳಗೆ ಕಣ್ಣು ಬೆಳ್ಳಿಯಂತೆ ಹೊಳೆಯಲು ಶುರುವಾದರೆ ದಿನ ಹತ್ತಿರ ಬಂತು ಅಂತ. ದೀಪ ಆರಿಸಿದ ಒಂದೆರಡು ಗಂಟೆಯಲ್ಲಿ ಒಡೆಯುತ್ತವೆ. ಒಂದು ಮೂಲೆಗೆ ಟಾರ್ಚ್ ಹಿಡಿಯಿರಿ, ಮರಿಗಳು ಅಲ್ಲಿಗೇ ಬರುತ್ತವೆ. ಬಲೆ ಹಾಕಬೇಡಿ, ಮಗ್‌ನಲ್ಲಿ ನೀರಿನ ಸಮೇತ ಎತ್ತಿ. ಮರಿ ಟ್ಯಾಂಕಿಗೆ ತಾಯಿ ಟ್ಯಾಂಕಿನದೇ ನೀರು, ಸುತ್ತ ಕಪ್ಪು ಕಾಗದ, ಮಂದ ಬೆಳಕು, ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ತೀರಾ ನಿಧಾನ. ಪಾಚಿ ಹಾಕಿ ನೀರನ್ನು ತೆಳು ಹಸಿರು ಮಾಡಿ, ಒಂದು ಮಿಲಿಲೀಟರ್‌ನಲ್ಲಿ 5ರಿಂದ 10 ರೋಟಿಫರ್ ಇರುವಂತೆ ನೋಡಿಕೊಳ್ಳಿ.

ತಿನ್ನುತ್ತಿವೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ. ತಿನ್ನುವ ಮರಿ ಮೈ ಬಾಗಿಸಿ, ಒಂದು ಗಳಿಗೆ ತಡೆದು, ಚಂಗನೆ ಮುಂದೆ ನುಗ್ಗುತ್ತದೆ. ಸುಮ್ನೆ ತೇಲುತ್ತಿದ್ದರೆ ಏನೋ ಸರಿಯಿಲ್ಲ. ವಾರದ ಹೊತ್ತಿಗೆ ಆಗಷ್ಟೇ ಒಡೆದ ಆರ್ಟೀಮಿಯಾ ಸ್ವಲ್ಪ ಸ್ವಲ್ಪ ಕೊಡಿ, ರೋಟಿಫರ್ ತಕ್ಷಣ ನಿಲ್ಲಿಸಬೇಡಿ. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿದೆ ಎಂದರ್ಥ. ಎರಡನೇ ವಾರದಲ್ಲಿ ಬಿಳಿ ಪಟ್ಟಿ ಮೂಡಲು ಶುರುವಾಗುತ್ತದೆ, ಅಲ್ಲಿಯವರೆಗೂ ಕೆಲವು ಸಾಯುತ್ತವೆ, ಅದಕ್ಕೆ ಕಂಗಾಲಾಗಬೇಡಿ.

ಪ್ರಶ್ನೆ: ಮಳೆಗಾಲದಲ್ಲೂ ಸಮುದ್ರದ ನೀರೇ ತಂದು ಹಾಕಬಹುದಾ?
– ಓದುಗರೊಬ್ಬರು, ಬೆಂಗ್ರೆ, ಮಂಗಳೂರು

ಉತ್ತರ: ನಿಮ್ಮಲ್ಲಿ ಬೇಡ. ನೇತ್ರಾವತಿ, ಫಲ್ಗುಣಿ ಎರಡೂ ಅಲ್ಲೇ ಕಡಲು ಸೇರುವುದು, ಜೂನ್‌ನಿಂದ ಅಳಿವೆ ಹತ್ತಿರದ ನೀರಲ್ಲಿ ಉಪ್ಪಿಗಿಂತ ಹೊಳೆಯ ಕೆಸರೇ ಜಾಸ್ತಿ. ಬೇಸಿಗೆಯಲ್ಲೇ ತಂದು ಸೋಸಿ ಮುಚ್ಚಿದ ಡ್ರಮ್‌ನಲ್ಲಿ ಕತ್ತಲಲ್ಲಿಡಿ, ಇಲ್ಲವೇ ಆರ್‌ಒ ನೀರಿಗೆ ಅಕ್ವೇರಿಯಂನ ಸಮುದ್ರ ಉಪ್ಪು ಬೆರೆಸಿ. ಅಡುಗೆ ಉಪ್ಪು ನಡೆಯಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಲೀಟರಿಗೆ 32ರಿಂದ 35 ಗ್ರಾಂ ಉಪ್ಪು ತೋರಿಸಬೇಕು.

ಪ್ರಶ್ನೆ: ಅಂಗಡಿಯವರು ಕೊಟ್ಟ ಎರಡೂ ಮರಿ ಗಂಡಂತೆ. ಬದಲಾಯಿಸಲಾ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಬೇಡ ಮಾರಾಯ್ರೇ. ಕ್ಲೌನ್ ಮೀನು ಮೊದಲು ಗಂಡಾಗಿಯೇ ಬೆಳೆಯುವುದು. ಎರಡರಲ್ಲಿ ದೊಡ್ಡದು, ಜೋರಿನದು ಮುಂದೆ ಹೆಣ್ಣಾಗುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ಇದ್ದರೆ ಸಾಕು, ಸದ್ಯಕ್ಕೆ ಹೊಟ್ಟೆ ತುಂಬ ಊಟ ಹಾಕಿ.