ಕ್ಯಾಸಿನೋ ಚಿಪ್ಸ್ ಮನೆಗೆ ತಂದರೆ ಏನಾಗುತ್ತದೆ?

ಪ್ರಶ್ನೆ: ಗೆಳೆಯರ ಜೊತೆ ಪಣಜಿಗೆ ಹೋದಾಗ ಮಾಂಡೋವಿ ನದಿಯ ಕ್ಯಾಸಿನೋ ಹಡಗು ಹತ್ತಿದ್ದೆವು. ಅಲ್ಲಿ ಎಲ್ಲದಕ್ಕೂ ನೋಟಿನ ಬದಲು ಚಿಪ್ಸ್, ಅಂದರೆ ಬಣ್ಣದ ಬಿಲ್ಲೆಗಳು ಬೇಕು. ಟಿಕೆಟ್ ಜೊತೆ ಕೊಟ್ಟ ಚಿಪ್ಸ್ ಉಳಿದಿದ್ದವು, ಅದಕ್ಕೆ ದುಡ್ಡು ವಾಪಸ್ ಕೊಡಲಿಲ್ಲ. ಇದು ಮೋಸ ಅಲ್ವಾ? ಎರಡು ಚಿಪ್ಸ್ ಮನೆಗೆ ತಂದಿದ್ದೇನೆ. ಮುಂದಿನ ಸಲ ನಡೆಯುತ್ತವೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೋಸ ಅಲ್ಲ. ಆದರೆ ಹತ್ತುವಾಗಲೇ ನಿಮಗೆ ಬಿಡಿಸಿ ಹೇಳಬೇಕಿತ್ತು. ಟಿಕೆಟ್ ಜೊತೆ ಸಾಮಾನ್ಯವಾಗಿ ಕೊಡುವುದು ಒಟಿಪಿ ಚಿಪ್ಸ್, ಅಂದರೆ ಒಂದೇ ಸಲ ಆಡುವಂಥವು. ಅವನ್ನು ಪಣಕ್ಕೆ ಇಡಬಹುದು, ನಗದು ಮಾಡಿಸಲು ಆಗುವುದಿಲ್ಲ. ಗೆದ್ದರೆ ಸಿಗುವ ಕ್ಯಾಶ್ ಚಿಪ್ಸ್‌ಗೆ ಮಾತ್ರ ಕೌಂಟರಿನಲ್ಲಿ ದುಡ್ಡು.

ಆಟಕ್ಕೆ ನೋಟು ಯಾಕೆ ಬೇಡ ಅಂದರೆ, ಟೇಬಲ್ ಪಕ್ಕ ನಿಂತು, ಆಟ ನಡೆಸುವ ಡೀಲರ್ ಕೈ ನೋಡಿ. ನೋಟು ಕೊಟ್ಟರೆ ಮೇಲಿನ ಕ್ಯಾಮೆರಾಗೆ ಕಾಣುವಂತೆ ಹರಡಿ, ಎಣಿಸಿ, ಸಂದಿಯೊಳಗಿಂದ ಕೆಳಗಿನ ಪೆಟ್ಟಿಗೆಗೆ ತಳ್ಳುತ್ತಾರೆ. ಪ್ರತಿ ಆಟಕ್ಕೂ ಹೀಗೆ ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಚಿಪ್ಸ್ ಎಲ್ಲ ಒಂದೇ ದಪ್ಪ. 20 ಬಿಲ್ಲೆಯ ಒಂದು ಪೇರಿಕೆಯ ಪಕ್ಕ ಇನ್ನೊಂದನ್ನು ಇಟ್ಟು ಬೆರಳಾಡಿಸಿದರೆ ಲೆಕ್ಕ ಮುಗಿಯಿತು. ಚಕ್ರ ತಿರುಗಿಸಿ ಆಡುವ ರೂಲೆಟ್‌ನಲ್ಲಂತೂ ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಯಾರ ಪಣ ಯಾವುದು ಅನ್ನುವ ಜಗಳವೇ ಇಲ್ಲ.

ಇನ್ನೊಂದು ಕಾರಣ ನನಗೆ ಜಾಸ್ತಿ ಬೇಸರ ತರಿಸುವಂಥದ್ದು. ಐನೂರರ ನೋಟು ಜೇಬಿನಿಂದ ತೆಗೆಯುವಾಗ ಹೊಟ್ಟೆ ಚುರ್ ಅನ್ನುತ್ತದೆ. ಬಣ್ಣದ ಬಿಲ್ಲೆ ತಳ್ಳುವಾಗ ಹಾಗೆ ಅನ್ನಿಸುವುದಿಲ್ಲ. ಸೋತವರು ಎಷ್ಟು ಸೋತೆವು ಅಂತ ಗೊತ್ತಾಗದೆ ಇಳಿದು ಬರುವುದು ಇದರಿಂದಲೇ.

ತೆರಿಗೆಯೂ ಇದೆ. ಚಿಪ್ಸ್‌ಗೆ ಕೊಡುವ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಆಡದೆ ಸುಮ್ನೆ ವಾಪಸ್ ಕೊಟ್ಟರೂ ಆ ತೆರಿಗೆ ಕಡಿಮೆಯಾಗುವುದಿಲ್ಲ.

ಇನ್ನು ಮನೆಗೆ ತಂದ ಎರಡು ಚಿಪ್ಸ್. ಚಿಪ್ ದುಡ್ಡಲ್ಲ, ಆ ಕ್ಯಾಸಿನೋ ನಿಮಗೆ ಕೊಡಬೇಕಾದ ಬಾಕಿಯ ಗುರುತು ಅಷ್ಟೇ. ಅದನ್ನು ಕ್ಯಾಸಿನೋ ರದ್ದು ಮಾಡಲೂಬಹುದು. 2010ರ ಡಿಸೆಂಬರಿನಲ್ಲಿ ಲಾಸ್ ವೇಗಸ್‌ನ ಬೆಲಾಜಿಯೋ ಕ್ಯಾಸಿನೋಗೆ ಹೆಲ್ಮೆಟ್ ಹಾಕಿಕೊಂಡೇ ನುಗ್ಗಿದ ಒಬ್ಬ, ಸುಮಾರು 15 ಲಕ್ಷ ಡಾಲರ್ ಬೆಲೆಯ ಚಿಪ್ಸ್ ದೋಚಿ ಬೈಕಿನಲ್ಲಿ ಪರಾರಿಯಾದ. ಕ್ಯಾಸಿನೋ ತನ್ನ ತಲಾ 25,000 ಡಾಲರ್ ಬೆಲೆಯ ಚಿಪ್ಸ್‌ಗೆ 2011ರ ಏಪ್ರಿಲ್ ಗಡುವು ಹಾಕಿತು, ಆಮೇಲೆ ಅವು ನಡೆಯುವುದಿಲ್ಲ ಅಂತ ಸಾರಿತು. ಚಿಪ್ಸ್ ಮಾರಲು ಹೋಗಿಯೇ ಅವನು ಸಿಕ್ಕಿಬಿದ್ದ.

ನಿಮ್ಮವು ಒಟಿಪಿ ಆಗಿದ್ದರೆ ನೆನಪಿಗೆ ಇಟ್ಟುಕೊಳ್ಳಿ. ಕ್ಯಾಶ್ ಚಿಪ್ಸ್ ಆಗಿದ್ದರೆ ಅದೇ ಹಡಗಿಗೆ ಫೋನ್ ಮಾಡಿ, ಈಗಲೂ ತಗೊಳ್ತಾರಾ ಕೇಳಿ. ಪಕ್ಕದ ಹಡಗಿನಲ್ಲಿ ಕೇಳಬೇಡಿ, ಅವರಿಗೆ ಅದು ಬರೀ ಬಿಲ್ಲೆ.