ಚಕ್ರ ಸದಾ 7ಕ್ಕೇ ನಿಲ್ಲುವುದೇಕೆ?

ತುಮಕೂರಿನ ಶಾಲಾ ಮೇಳಕ್ಕೆ ಮಾಡಿದ, ತಿರುಗಿಸಿ ಬಹುಮಾನ ಗೆಲ್ಲುವ ಅಂಕಿಗಳ ಪ್ಲೈವುಡ್ ಚಕ್ರ ಪದೇ ಪದೇ 7ಕ್ಕೇ ನಿಲ್ಲುತ್ತಿದ್ದರೆ ಹೆಚ್ಚಾಗಿ ಕಾರಣ ತೂಕದ ಏರುಪೇರು. ಅಂಕಿ ತೋರಿಸುವ ಮುಳ್ಳು ಮೇಲಿರುವುದರಿಂದ 7ರ ಎದುರು ಬದಿ ಭಾರವಾಗಿ ಕೆಳಗೆ ಬಂದು ನಿಲ್ಲುತ್ತಿದೆ.

ಮೊದಲು ಮುಳ್ಳಿನ ಪಟ್ಟಿ ಬಿಚ್ಚಿ. ಮೆಲ್ಲಗೆ ಐದಾರು ಸಲ ತಿರುಗಿಸಿ, ಪ್ರತಿ ಸಲ ಅಡಿಗೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಗುರುತುಗಳು ಒಂದೇ ಕಡೆ ಗುಂಪಾದರೆ ಅದರ ನೇರ ಎದುರಿಗೆ, ಹಿಂಬದಿಯ ಅಂಚಿನಲ್ಲಿ, ಒಂದು ವಾಷರ್ ಟೇಪಿನಿಂದ ಅಂಟಿಸಿ ಮತ್ತೆ ತಿರುಗಿಸಿ. ಸಾಲದಿದ್ದರೆ ಇನ್ನೊಂದು. ಎಲ್ಲೆಂದರಲ್ಲಿ ನಿಲ್ಲತೊಡಗಿದ ಮೇಲೆ ಸ್ಕ್ರೂ ಹಾಕಿ ಬಿಗಿ ಮಾಡಿ.

ಮುಳ್ಳು ಹಾಕಿದ ಮೇಲೂ 7 ಬಂದರೆ ಅಂಕಿಯ ಮನೆಗಳ ನಡುವೆ ಮುಳ್ಳು ತಾಗುವ ಮೊಳೆ ನೋಡಿ: 7ರ ಮನೆಯ ಕೊನೆಯ ಮೊಳೆ ಉಳಿದವಕ್ಕಿಂತ ಹೊರಚಾಚಿರಬಹುದು. (ಮಾಂಟೆ ಕಾರ್ಲೊದ ಜೂಜುಕೇಂದ್ರದಲ್ಲಿ ಇಂಗ್ಲೆಂಡಿನ ಜೋಸೆಫ್ ಜ್ಯಾಗರ್ ಗೆದ್ದದ್ದು ಇಂಥ ಓರೆಕೋರೆಯ ರೂಲೆಟ್ ಚಕ್ರದಿಂದಲೇ!) ದುಡ್ಡು ಕಟ್ಟಿಸಬೇಡಿ, ಪೆನ್ಸಿಲ್, ಚಾಕಲೇಟ್ ಬಹುಮಾನ ಸಾಕು.