ಹೆಡರ್‌ನಲ್ಲಿ 30, ಓಡುವಾಗ ಮಾತ್ರ 10!

ಪ್ರಶ್ನೆ: ನನ್ನ ಸಿ++ ಲೈಬ್ರರಿಯಲ್ಲಿ ಕನೆಕ್ಟ್(ಹೋಸ್ಟ್, ಟೈಮ್‌ಔಟ್ = 10) ಎಂಬ ಫಂಕ್ಷನ್ ಇದೆ. ಹೆಡರ್‌ನಲ್ಲಿ (ಫಂಕ್ಷನ್‌ಗಳ ಹೆಸರು, ಪ್ಯಾರಾಮೀಟರ್ ಬರೆದಿಡುವ ಫೈಲ್) 10 ತೆಗೆದು 30 ಹಾಕಿದೆ. ಹೊಸ ಶೇರ್ಡ್ ಲೈಬ್ರರಿಯನ್ನೂ (ಪ್ರೋಗ್ರಾಂ ಓಡುವಾಗ ಬಂದು ಸೇರುವ ಲೈಬ್ರರಿ) ಹಾಕಿದೆ. ಪ್ರೋಗ್ರಾಂ ಮಾತ್ರ ಈಗಲೂ 10 ಸೆಕೆಂಡಿಗೇ ಕಾಯುವುದನ್ನು ನಿಲ್ಲಿಸುತ್ತದೆ. ಕಂಪೈಲರ್ ಬಗ್ ಇರಬಹುದೇ?

ಉತ್ತರ: ಮತ್ತೆ ಇದೇ ಪ್ರಶ್ನೆ! ಸುಮ್ನೆ ಕಂಪೈಲರ್ ಮೇಲೆ ಗೂಬೆ ಕೂರಿಸಬೇಡಿ. ಡೀಫಾಲ್ಟ್ ವ್ಯಾಲ್ಯೂ, ಅಂದರೆ ನೀವು ಏನೂ ಕೊಡದಿದ್ದಾಗ ಬಳಕೆಯಾಗುವ ಬೆಲೆ, ಫಂಕ್ಷನ್ ಒಳಗೆ ಇರುವುದಿಲ್ಲ. ಕನೆಕ್ಟ್(ಹೋಸ್ಟ್) ಎಂದು ನೀವು ಕರೆದ ಜಾಗದಲ್ಲೇ ಕಂಪೈಲರ್ ಹೆಡರ್ ನೋಡಿ 10 ತುಂಬಿಬಿಡುತ್ತದೆ. ಅದನ್ನು ನೀವು ಬರೆದಿರೋ, ಕಂಪೈಲರ್ ತುಂಬಿತೋ, ಫಂಕ್ಷನ್‌ಗೆ ಗೊತ್ತೇ ಆಗುವುದಿಲ್ಲ. ಕರೆಯುವ ಪ್ರೋಗ್ರಾಂ ಅನ್ನು ಹೊಸ ಹೆಡರ್ ಜೊತೆ ಮತ್ತೆ ಕಂಪೈಲ್ ಮಾಡುವ ತನಕ ಹಳೆಯ 10 ಅಲ್ಲೇ ಇರುತ್ತದೆ. 'ಮೆಷಿನ್ ರೀಸ್ಟಾರ್ಟ್ ಮಾಡಿ ನೋಡಿ' ಎನ್ನುವ ವಿಡಿಯೊ ಪಂಡಿತರ ಮಾತು ಕೇಳಿ ಒಂದು ದಿನ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ವರ್ಚುವಲ್ ಫಂಕ್ಷನ್‌ನಲ್ಲಂತೂ (ಬೇಸ್ ಕ್ಲಾಸಿನದನ್ನು ಅದರಿಂದ ಹುಟ್ಟಿದ ಡಿರೈವ್ಡ್ ಕ್ಲಾಸ್ ತನ್ನದೇ ರೀತಿ ಬರೆದುಕೊಳ್ಳಬಹುದಾದ ಫಂಕ್ಷನ್) ಇನ್ನೂ ಮಜಾ. ಬೇಸ್ ಕ್ಲಾಸ್‌ನಲ್ಲಿ ಡೀಫಾಲ್ಟ್ 10, ಡಿರೈವ್ಡ್ ಕ್ಲಾಸ್‌ನಲ್ಲಿ 30 ಅಂದುಕೊಳ್ಳಿ. ಬೇಸ್ ಪಾಯಿಂಟರ್ (ಆಬ್ಜೆಕ್ಟಿನ ವಿಳಾಸ, ಬೇಸ್ ಕ್ಲಾಸಿನ ಟೈಪ್‌ನಲ್ಲಿ) ಮೂಲಕ ಡಿರೈವ್ಡ್ ಆಬ್ಜೆಕ್ಟ್ ಮೇಲೆ ಕರೆದರೆ ಓಡುವುದು ಡಿರೈವ್ಡ್ ಕೋಡ್, ಆದರೆ ಅದಕ್ಕೆ ಸಿಗುವುದು 10!

ಏನು ಮಾಡಬೇಕು? ಡೀಫಾಲ್ಟ್ ತೆಗೆದುಹಾಕಿ. ಹೋಸ್ಟ್ ಒಂದನ್ನೇ ತೆಗೆದುಕೊಳ್ಳುವ ಇನ್ನೊಂದು ಕನೆಕ್ಟ್ ಬರೆಯಿರಿ. ಅದು ಎರಡು ಆರ್ಗ್ಯುಮೆಂಟಿನ ಕನೆಕ್ಟ್‌ಗೆ 30 ಕೊಟ್ಟು ಕರೆಯಲಿ. ಅದರ ಬಾಡಿ ಸೋರ್ಸ್ ಫೈಲ್‌ನಲ್ಲಿರಲಿ. ಬಾಡಿಯನ್ನು ಹೆಡರ್‌ನಲ್ಲೇ ಬರೆದು ಇನ್‌ಲೈನ್ ಮಾಡಿದರೆ ಮತ್ತೆ ಅದೇ ಗೋಳು. ಪ್ರೋಗ್ರಾಂ ಅನ್ನು ಒಮ್ಮೆ ಕಂಪೈಲ್ ಮಾಡಲೇಬೇಕು. ಆಮೇಲೆ 30 ಅನ್ನು 60 ಮಾಡಿದರೂ ಲೈಬ್ರರಿ ಬದಲಿಸಿದರೆ ಸಾಕು. ಹಳೆಯ ಡೀಫಾಲ್ಟ್ ತೆಗೆಯಲು ಮರೆತಿರೋ, ಕನೆಕ್ಟ್(ಹೋಸ್ಟ್) ಎಂದಾಗ ಎರಡರಲ್ಲಿ ಯಾವುದು ಎಂದು ತಿಳಿಯದೆ ಕಂಪೈಲರ್ ಎರರ್ ಕೊಡುತ್ತದೆ.

ಇನ್ನೊಂದು. ಈಗಾಗಲೇ ಜನರ ಕೈಯಲ್ಲಿರುವ ಫಂಕ್ಷನ್‌ಗೆ 'ಡೀಫಾಲ್ಟ್ ಇದೆಯಲ್ಲ, ಏನೂ ಆಗಲ್ಲ' ಎಂದು ಹೊಸ ಪ್ಯಾರಾಮೀಟರ್ ಸೇರಿಸಬೇಡಿ. ಪ್ಯಾರಾಮೀಟರ್ ಬದಲಾದರೆ ಲಿಂಕರ್ (ಪ್ರೋಗ್ರಾಂ ಅನ್ನು ಲೈಬ್ರರಿಗೆ ಜೋಡಿಸುವ ಸಾಧನ) ಹುಡುಕುವ ಹೆಸರೇ ಬದಲಾಗುತ್ತದೆ. ಹಳೆಯ ಪ್ರೋಗ್ರಾಂಗೆ ಆ ಫಂಕ್ಷನ್ ಸಿಗುವುದೇ ಇಲ್ಲ. ಒಮ್ಮೆ ಹೀಗೆ ಮಾಡಿ ರಾತ್ರಿಯಿಡೀ ಕೂತಿದ್ದೆ. ಅಂದಿನಿಂದ ಹೊರಗೆ ಕೊಡುವ ಲೈಬ್ರರಿಯಲ್ಲಿ ಡೀಫಾಲ್ಟ್ ಹಾಕುವುದನ್ನೇ ಬಿಟ್ಟಿದ್ದೇನೆ. ಜಾಸ್ತಿ ಹೆದರಿಕೆ ಅನ್ನಿಸಿದರೆ ಅನ್ನಿಸಲಿ.

ಪ್ರಶ್ನೆ: ರಿಟರ್ನ್ ಟೈಪ್ ಮಾತ್ರ ಬೇರೆ ಇದ್ದರೆ ಓವರ್‌ಲೋಡ್ (ಮೇಲಿನ ಎರಡು ಕನೆಕ್ಟ್‌ಗಳಂತೆ ಒಂದೇ ಹೆಸರಿನ ಬೇರೆ ಬೇರೆ ಫಂಕ್ಷನ್) ಆಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಓವರ್‌ಲೋಡಿಂಗ್‌ನಿಂದ ಪ್ರೋಗ್ರಾಂ ನಿಧಾನವಾಗುತ್ತದಂತೆ?

ಉತ್ತರ: ಬುರುಡೆ. ಯಾವ ಓವರ್‌ಲೋಡ್ ಎಂಬ ಆಯ್ಕೆ ಕಂಪೈಲ್ ಆಗುವಾಗಲೇ ಮುಗಿದಿರುತ್ತದೆ.

ಪ್ರಶ್ನೆ: ಶೋ(ಬೂಲ್), ಶೋ(ಸ್ಟ್ರಿಂಗ್) ಎರಡೂ ಇವೆ (ಬೂಲ್ ಅಂದರೆ ಹೌದು/ಇಲ್ಲ, ಸ್ಟ್ರಿಂಗ್ ಅಂದರೆ ಪಠ್ಯ). ಶೋ("ಹಲೋ") ಎಂದರೆ ಬೂಲ್‌ಗೆ ಹೋಗುತ್ತದೆ!

ಉತ್ತರ: ಹೋಗಲೇಬೇಕು. "ಹಲೋ" ಅನ್ನುವುದು ಸ್ಟ್ರಿಂಗ್ ಕ್ಲಾಸಿನ ಆಬ್ಜೆಕ್ಟ್ ಅಲ್ವಲ್ಲ. ಅದು ಪಾಯಿಂಟರ್ ಆಗುತ್ತದೆ. ಪಾಯಿಂಟರ್ ಬೂಲ್ ಆಗುವುದು ಭಾಷೆಯದೇ ಕನ್ವರ್ಷನ್, ಸ್ಟ್ರಿಂಗ್ ಆಗುವುದು ಕ್ಲಾಸ್ ಬರೆದವರದು. ಭಾಷೆಯದಕ್ಕೇ ಮೊದಲ ಮಣೆ. ಪಾಯಿಂಟರ್ ತೆಗೆದುಕೊಳ್ಳುವ ಮೂರನೇ ಶೋ ಬರೆಯಿರಿ.